ಪಂಚಮಿಯ ಮೊದಲ ಜೀಕು

ಏಳಬ್ಯಾಡ, ಏಳಬ್ಯಾಡ, ಮಲಕೋ ನೀಲಾ. ನಾನ, ಜಯಮಾಲಾ. ಬಾಗಲಾ ತಗದಿತ್ತು, ಬಂದುಬಿಟ್ಟೆ. ನಿಮ್ಮವ್ವ ಕೆಳಗ ಮೆಟ್ಟಲ ಹತ್ರ ಸಿಕ್ಕಿದ್ಲು. ಕಸ್ತೂರೆವ್ವಾ, ಅಮ್ಮಿನಬಾವಿಂದ ಪಂಚಮಿಗೆ ಬಂದಾಕಿ, ಅವತ್ತಿಂದ ಮಗಳ ಹಾಸಿಗಿ ಬಿಟ್ಟು ಎದ್ದಿಲ್ಲ ನೀನು, ಹೋಗು, ಆರಾಮ ಸಂತಿ ಮಾಡಿಕೊಂಡು ಬಾ, ಅಲ್ಲೀತನಕಾ ನಾ ಕುಂಡ್ರತೇನಿ ಅಂತ ಹೇಳಿದೆ. ಒಲ್ಲೆ ಅಂತಿದ್ಲು, ಬಲವಂತ ಮಾಡಿ ಕಳಿಸೇನಿ. ಮತ್ತ ನಿಮ್ಮ ಮನಿ ಎಲ್ಲಾಕ್ಕಿಂತ ಮ್ಯಾಲಿನ ಮಾಳಗ್ಯಾಗ. ಲಿಫ್ಟ್ ಬ್ಯಾರೆ ಕೆಟ್ಟೈತಿ. ಆದ್ರೂ ಒಂದ ಉಸಿರಿಗೆ ಹತ್ತಿ ಬಂದೆ ನೋಡು. ಕಠಡಾ ಸೈತ ಹಿಡೀಲಿಲ್ಲ. ಅರವತ್ತ ದಾಟಿದಾಕಿ ಅಂತ ನನ್ನ ನೋಡಿ ಯಾರರ ಹೇಳತಾರೇನು?

ಯಾಕ ಅಡಗಿಮನಿ ಕಡೆ ಕೈ ಮಾಡಾಕತ್ತಿ? ಚಹಾನ? ಬ್ಯಾಡವಾ ಬ್ಯಾಡ. ಈಗ ಕುಡದ ಬಂದೆ. ನನಗ ಎಸಿಡಿಟಿ ಐತಿ, ಗೊತ್ತಲ್ಲ. ನಿಮ್ಮ ಮನ್ಯಾಗ ಅಂತ ಅಲ್ಲ, ಹಂಗ ತಿಳಕೋಬ್ಯಾಡ. ನೀ ಈ ಕಾಲನಿಗೆ ಬಂದಾಗಿಂದ ಎಷ್ಟ ಸಲ ನಿಮ್ಮ ಮನಿಗೆ ಬಂದೇನಿ, ಒಂದ ಸಲಾನೂ ಅಂಥಾ ಮಾತು ನನ್ನ ಬಾಯಾಗ ಬಂದಿಲ್ಲ. ಗ್ವಾಡಿ ಮ್ಯಾಲ ನಿಮ್ಮ ಬುದ್ಧನ ಫೋಟೋ ಎಷ್ಟ ಛಂದ ಐತಿ ಅಂತ ಎಲ್ಲಾರಿಗೂ ನಾನ ಹೇಳೇನಿ. ಚಹಾ ಕುಡಿಯೂದು ಬ್ಯಾರೆ, ಮನುಷ್ಯಾರ ಮನಸ್ಸು ಬ್ಯಾರೆ.

ಮಾತಾಡಬ್ಯಾಡ. ಹಲ್ಲಿಗೆ ತಂತಿ ಕಟ್ಟ್ಯಾರ, ದವಡಿ ಅಳಗ್ಯಾಡಿದ್ರ ಕೂಡಿದ ಎಲುಬು ಮತ್ತ ಸರೀತೈತಿ ಅಂತ ಡಾಕ್ಟರ್ ಹೇಳ್ಯಾರ, ನನಗೂ ಗೊತ್ತೈತಿ. ಸಾಲ್ಯಾಗ ದಿನಾ ಹುಡುಗರಿಗೆ ಬಾಯಿ ಮುಚ್ರಿ, ಬಾಯಿ ಮುಚ್ರಿ ಅಂತಿದ್ದಿ. ಈಗ ನೋಡು, ಟೀಚರ್‌ದ ಬಾಯಿ ಮುಚ್ಚೈತಿ, ಹುಡುಗರು ಗದ್ಲಾ ಮಾಡಾಕತ್ತಾವು... ನಗಬ್ಯಾಡ ನಗಬ್ಯಾಡ, ತಂತಿ ಜಗ್ಗತಾವು. ನೀ ನಗಲಿಲ್ಲೇನು? ನಾ ನಕ್ಕಿ ಅಂತ ತಿಳದೆ.

ಆ ಪಾಟಿ ಇಲ್ಲೆ ಕೊಡು. ಕೊಡು ಇಲ್ಲೆ. ಮಲಕೊಂಡಾಕಿ ಎದಿ ಮ್ಯಾಲ ಪಾಟಿ ಇಟಕೊಂಡು ಬಳಪ ಹಿಡದು ಬರಕೊಂತ ಇದ್ರ, ಆ ಬಳಪದ ಪುಡಿ ಗಂಟಲಕ್ಕ ಹೋಗತೈತಿ, ಕೆಮ್ಮ ಬರತೈತಿ, ಕೆಮ್ಮಿದ್ರ ದವಡಿ... ತಿಳೀತಲ್ಲ, ನಿನ್ನ ಛಲೋದಕ್ಕ ಹೇಳೂದು. ಇಲ್ಲೆ, ಈ ಕಪಾಟಿನ ಮ್ಯಾಲ ಇಟ್ಟಿರತೇನಿ. ನಿನಗ ನಿಲುಕೂದಿಲ್ಲ, ಇರಲಿ, ನಿಮ್ಮವ್ವ ಬಂದು ಕೊಡತಾಳ. ನನ್ನ ಜೋಡಿ ಮಾತಾಡಾಕ ಪಾಟಿ ಯಾಕ ಬೇಕು? ನಿನ್ನ ಕಣ್ಣ ನೋಡಿದ್ರ ನನಗ ಎಲ್ಲಾ ತಿಳೀತೈತಿ.

ಇದು ನೋಡು, ಶೇಂಗಾ ಉಂಡಿ ತಂದೇನಿ. ಪಂಚಮಿ ದಿನಾ ನೀ ಒಂದ ಉಂಡಿನೂ ತಿನ್ನಲಿಲ್ಲ ಅಂತ ನನ್ನ ಮನಸ್ಸಿನ್ಯಾಗ ಉಳದಬಿಟ್ಟಿತ್ತು. ತಿನ್ನೂದರೊಳಗ ಹಿಂಗಾತು. ಡಬ್ಬಿ ಮುಚ್ಚಿ ಇಟ್ಟಿದ್ದೆ, ಬೆಲ್ಲದ್ದು ಲಗೂ ಕೆಡೂದಿಲ್ಲ. ಸ್ವಲ್ಪ ಗಟ್ಟಿ ಆಗ್ಯಾವು... ಹೌದಲ್ಲ, ನಿನಗ ಕಡಿಯಾಕ ಬರೂದಿಲ್ಲ. ನನಗ ಖ್ಯಾಲನ ಇರಲಿಲ್ಲ. ಇರಲಿ, ಇಲ್ಲೆ ಕಣ್ಣ ಮುಂದ ಇಟ್ಟಿರತೇನಿ, ನೋಡಕೊಂತ ಇರು. ಅದಕ್ಕಂತನ ನಿನಗ ಬ್ಯಾರೆ ತಂದೇನಿ, ಈ ಥರ್ಮಾಸಿನ್ಯಾಗ ಕಟ್ಟಿನ ಸಾರು ಐತಿ, ಕಡ್ಲಿಬ್ಯಾಳಿ ಕಟ್ಟಿಂದು. ಆಮ್ಯಾಲ ಕೊಡತೇನಿ. ಮೊದಲ ಮಾತು.

ನಾಳೆ ತಂತಿ ತಗೀತಾರಂತ, ಹೌದಿಲ್ಲೊ? ನಿಮ್ಮವ್ವ ಹೇಳಿದ್ಲು. ಭಾಳ ಛಲೋ ಆತು. ನಾಳೆಯಿಂದ ಬಾಯಿ ಬಿಡಬಹುದು. ಬಾಯಿ ಬಿಟ್ಟ ಕೂಡಲೆ ಎಲ್ಲಾರೂ ಬರತಾರ ನೋಡು, ಹೆಂಗ ಬಿದ್ದಿ, ಏನ ಆತು, ಯಾರ ತಪ್ಪು ಅಂತ ಕೇಳತಾರ. ನೀ ದಣದಾಕಿ, ಏನರ ಒಂದ ಹೇಳಿಬಿಡತಿ. ಅದಕ್ಕ ನಾ ಇವತ್ತ ಬಂದೆ. ಇಬ್ಬರೂ ಕೂಡಿ ಒಂದ ಸಲ ಎಲ್ಲಾ ನೆನಪ ಮಾಡಿಕೊಂಡ್ರ ಛಲೋ ಅಲ್ಲೇನು? ನೆನಪು ಅಂಬೂದು ಪೆಟ್ಟು ಬಿದ್ದ ಮ್ಯಾಲ ಹಿಂದ ಮುಂದ ಆಗತೈತಿ.

ಮೊದಲಿಂದ ಹೇಳತೇನಿ. ಯಾಕಂದ್ರ ಅರ್ಧಾ ಕೇಳಿದವರು ಅರ್ಧಾನ ಹೇಳಕೊಂತ ಅಡ್ಡಾಡತಾರ.

ನಮ್ಮ ಪಾರ್ಕು ಮೊದಲ ಪಾರ್ಕ ಆಗಿರಲಿಲ್ಲ. ನೀ ಬರೂಕಿಂತ ಮೊದಲಿಂದು. ಹಂದಿ ಹೊಳ್ಳಾಡೂ ರಾಡಿ, ಒಡದ ಬಾಟ್ಲಿ, ಲಗ್ನದ ಮನಿ ಎಲಿ ತಂದು ಅಲ್ಲೆ ಒಗೀತಿದ್ರು. ಕೆಲಗೇರಿ ಕೆರಿ ಕಡಿಂದ ಗಾಳಿ ಬಂದ್ರ ಇಡೀ ಕಾಲನಿ ಮೂಗು ಮುಚ್ಚಕೋಬೇಕು. ಆ ನಾತ ಯಾರ ತಗದ್ರು? ನಾವು ತಗದ್ವಿ. ಕಮಿಟಿ ಮಾಡಿದ್ವಿ, ನನ್ನ ಅಧ್ಯಕ್ಷಿಣಿ ಮಾಡಿದ್ರು, ಬ್ಯಾಡ ಅಂದ್ರೂ ಮಾಡಿದ್ರು. ರವಿವಾರಕ್ಕೊಮ್ಮೆ ಎಲ್ಲಾರೂ ಬುಟ್ಟಿ ಸಲಿಕಿ ಹಿಡಕೊಂಡು ಬರೂದು. ನಮ್ಮವರು ಬ್ಯಾಂಕಿನ ಮ್ಯಾನೇಜರ್ ಆಗಿದ್ದವರು, ಬರಿಗೈಲೆ ಕಸಾ ಎತ್ತ್ಯಾರ. ನೀನೂ ಬಂದಿ, ಇಲ್ಲ ಅನ್ನೂದಿಲ್ಲ. ಹಳೇ ಟೈರಿಗೆ ಬಣ್ಣಾ ಹಚ್ಚಿ ಹುಡುಗರಿಗೆ ಆಟಕ್ಕ ಹುಗಿಯೂದು ನಿನ್ನ ವಿಚಾರ. ಸಾಲಿ ಹುಡುಗರನ್ನ ಕರಕೊಂಡು ಬಂದು ಹಚ್ಚಿಸಿದಿ. ಹಳದಿ, ನೀಲಿ, ಕೆಂಪು. ಈಗೂ ಸಂಜಿಮುಂದ ಜಾರಬಂಡಿಗೆ ಪಾಳಿ ಹಚ್ಚತಾವು, ಒಂದಕ್ಕ ಇನ್ನೊಂದು ದಬ್ಬಕೊಂತ. ಮುದುಕರು ಸುತ್ತ ಹಾಕತಾರ. ಸೊಸೆಂದ್ರು ಅತ್ತಿ ಕಣ್ಣ ತಪ್ಪಿಸಿ ಬಂದು ಬೆಂಚಿನ ಮ್ಯಾಲ ಕುಂತು ಫೋನಿನ್ಯಾಗ ಮಾತಾಡತಾರ. ಇದನ್ನ ನೋಡಿದ್ರ ನನಗ ಹೊಟ್ಟಿ ತುಂಬತೈತಿ, ಖರೇನ ಹೇಳತೇನಿ.

ಟೈರು ಕೊಟ್ಟಾಂವ ಉಸ್ಮಾನಸಾಬ, ಗೊತ್ತೈತಿ. ಅದನ್ನ ಹೇಳಲಿಲ್ಲ ಅಂತ ಹಂಗ ನೋಡಬ್ಯಾಡ. ಹಿಂದಿನ ಓಣ್ಯಾಗ ಪಂಕ್ಚರ್ ಅಂಗಡಿ ಇಟ್ಟಾಂವನ ಹತ್ರ ಹಳೇ ಟೈರ ಬಿಟ್ಟು ಮತ್ತೇನ ಇರತೈತಿ? ಒಗಿಯೂ ಸಾಮಾನು ಕೊಟ್ಟ. ನಾವು ಅದಕ್ಕ ಬದಲು ಏನ ಕೊಟ್ವಿ ನೋಡು. ಹಿಂದಿನ ಕಂಪೌಂಡಿಗೆ ಸಣ್ಣ ಗೇಟ ಇಡಿಸಿದ್ವಿ, ಅವರ ಓಣಿ ಮಂದಿನೂ ಬರಲಿ ಅಂತ. ಆ ಗೇಟ ಇಡಬೇಕು ಅಂತ ಮೀಟಿಂಗಿನ್ಯಾಗ ಹಟಾ ಹಿಡದಾಕಿ ನೀನ. ಎಲ್ಲಾರೂ ಹೂಂ ಅಂದ್ರು, ನಾನೂ ಹೂಂ ಅಂದೆ. ಅಧ್ಯಕ್ಷಿಣಿ ಆದಾಕಿ ಒಲ್ಲೆ ಅಂದ್ರ ಛಲೋ ಕಾಣೂದಿಲ್ಲ.

ಆದ್ರ ಬರೂದು ಅಂದ್ರ ಎಷ್ಟ ಬರೂದು? ಆ ಹುಣಸಿ ಗಿಡದ ಬುಡಕ್ಕ ಮಧ್ಯಾಹ್ನ ಊಟಾ ಆದ ಕೂಡಲೆ ಬಂದು ಕುಂತ್ರ, ದೀಪಾ ಹಚ್ಚೂತನಕಾ ಏಳೂದಿಲ್ಲ ಆ ಹೆಣ್ಣಮಕ್ಕಳು. ಬಳ್ಳೊಳ್ಳಿ ಸುಲಿಯೂದು ಅಲ್ಲೆ, ಕೂಸಿಗೆ ಉಣಿಸೂದು ಅಲ್ಲೆ, ನಗಿ ಅಂತೂ... ಗಿಡಾ ಇರೂದು ನಮ್ಮ ಕಂಪೌಂಡಿಗೆ ಹತ್ತಿ. ನಮ್ಮ ಮಲಗೂ ಖೋಲಿ ಖಿಡಕಿ ಅದರ ಕಡೆನ ಐತಿ. ಅದರ ಒಂದ ದೊಡ್ಡ ಟೊಂಗಿ ನಮ್ಮ ಟೆರೇಸ್ ಮ್ಯಾಲ ಬಂದೈತಿ. ಎಲಿ ಸಣ್ಣವು, ನೀರಿನ ಟಾಕಿಗೆ ಬೀಳತಾವು, ಸೋಲಾರ ಮ್ಯಾಲ ಬೀಳತಾವು, ಕಸಬರಗಿಗೆ ಬರೂದಿಲ್ಲ. ನಮ್ಮವರು ದಿನಾ ಕೈಲೆ ಆರಿಸತಿದ್ರು. ಹೇಳೂದು ಏನಂದ್ರ, ಗಿಡದ ಮ್ಯಾಲ ನನಗ ಸಿಟ್ಟಿಲ್ಲ. ಗಿಡಾ ಉಳಸ್ರಿ ಅಂತ ಬೋರ್ಡ ಬರಸಿದಾಕಿ ನಾನ. ಹಸಿರೇ ಉಸಿರು, ಹಸಿರು ಬಣ್ಣದಾಗ. ಅದನ್ನ ಆ ಟೊಂಗಿ ಬುಡಕ್ಕ ಕಟ್ಟಿದಾಕಿನೂ ನಾನ. ಯಾರಿಗೂ ಹೇಳಲಿಲ್ಲ, ಟೆರೇಸ್ ಮ್ಯಾಲ ಏಣಿ ಇಟ್ಟು ನಾನ ಹತ್ತಿ, ನಾನ ತಂತಿ ಬಿಗದು ಕಟ್ಟಿದೆ. ಬೋರ್ಡ ಅಷ್ಟ ಮ್ಯಾಲ ಯಾಕ್ರಿ ಅಕ್ಕಾರ, ಯಾರಿಗೂ ಕಾಣೂದಿಲ್ಲ ಅಂತ ನೀ ಆವಾಗ ಕೇಳಿದಿ. ನೆನಪೈತಿ ನನಗ. ಹುಡುಗರು ಕೀಳಬಾರದು ಅಂತ ಹೇಳಿದೆ. ಅಷ್ಟ ಅದರಾಗ.

ಮುಂದ ಪಂಚಮಿ.

ಪಂಚಮಿ ಅಂದ್ರ ನಮ್ಮ ಕಡೆ ಜೋಕಾಲಿ, ಹೊಸದಾಗಿ ಹೇಳೂದು ಏನಿಲ್ಲ. ಪಾರ್ಕ ಆದಾಗಿಂದ ಜೋಕಾಲಿ ಆ ಹುಣಸಿ ಟೊಂಗಿಗೇನ ಕಟ್ಟೂದು, ಕಟ್ಟಾಂವ ಉಸ್ಮಾನಸಾಬ. ಅವರ ಅಪ್ಪನೂ ಊರಾಗ ಜೋಕಾಲಿ ಕಟ್ಟತಿದ್ದನಂತ. ಮತ್ತ ಮೊದಲ ಜೀಕು ಅಧ್ಯಕ್ಷಿಣಿದು. ಆರತಿ ಮಾಡಿ, ಹಲಿಗಿಗೆ ಕುಂಕುಮ ಹಚ್ಚಿ, ನಾ ನಿಂತು ಜೀಕಿದ ಮ್ಯಾಲನ ಉಳದ ಹೆಣ್ಣಮಕ್ಕಳು ಹತ್ತೂದು. ಈ ಸಲ ನಾ ಏನ ಮಾಡಿದೆ? ಎಲ್ಲಾರ ಮುಂದ ನಿನ್ನ ಕೈ ಹಿಡಕೊಂಡು ಮುಂದ ಕರಕೊಂಡು ಬಂದೆ. ಈ ಸಲ ಮೊದಲ ಜೀಕು ನಮ್ಮ ನೀಲಾ ಟೀಚರ್‌ದು ಅಂದೆ. ಎಲ್ಲಾರೂ ಚಪ್ಪಾಳಿ ಹೊಡದ್ರು. ನಿಮ್ಮವ್ವ ಅಲ್ಲೆ ನಿಂತಿದ್ಲು, ಸೆರಗಿನಿಂದ ಕಣ್ಣ ಒರಸಿಕೊಂಡ್ಲು. ಯಾಕಂದ್ರ ನಿಮ್ಮ ಮಂದಿಗೆ ಅಂಥಾ ಮಾನ ಯಾರ ಕೊಟ್ಟಾರ ಹೇಳು? ಆಕಿ ಹುಟ್ಟಿದ ಊರಾಗ ಜೋಕಾಲಿ ಹತ್ರ ಬಿಡತಿರಲಿಲ್ಲಂತ, ದೂರ ನಿಂತು ನೋಡಬೇಕಾಗಿತ್ತಂತ. ನೀನ ಹೇಳಿದ್ದಿ ಒಮ್ಮೆ. ನಾ ಮರೀಲಿಲ್ಲ. ನಾ ನಿನ್ನ ಹತ್ತಿಸಿದೆ.

ಅದನ್ನ ನೀ ಮರೀಬಾರದು ನೀಲಾ. ಏನ ಹೇಳಬೇಕಾದ್ರೂ ಅದನ್ನ ನೆನಪ ಇಟಕೊಂಡು ಹೇಳು.

ಎಷ್ಟ ಛಂದ ಜೀಕಿದಿ. ನಿನ್ನ ಸೀರಿ ಸೆರಗು ನಮ್ಮ ಟೆರೇಸಿನ ಕಠಡಾತನಕಾ ಹೋಗಿ ಬರತಿತ್ತು. ಹಿಂದಿನ ಓಣಿ ಹುಡುಗೂರು ಟೀಚರ್, ಟೀಚರ್ ಅಂತ ಒದರಾಕತ್ತಿದ್ದು. ಆಮ್ಯಾಲ ಟೊಂಗಿ ಮುರದ ಆ ಸಪ್ಪಳ. ನಾನ ಎಲ್ಲಾರಕಿಂತ ಮೊದಲ ಓಡಿ ಬಂದೆ. ಇದನ್ನ ಇಡೀ ಕಾಲನಿ ಹೇಳತೈತಿ. ನನ್ನ ಮೈಮ್ಯಾಲಿನ ಶಾಲು ಕಿತ್ತ ಹಾಕಿದೆ. ಎಂಥಾ ಶಾಲು, ಮಗಳು ಕೊಡಿಸಿದ್ದು, ಕಲಿ ಹೋಗಲೇ ಇಲ್ಲ.

ಈಗ ಯಾರ ತಪ್ಪು ಅಂಬೂದು. ಹೇಳಿಬಿಡತೇನಿ, ಸಿಟ್ಟಾಗಬ್ಯಾಡ. ಉಸ್ಮಾನಸಾಬನ ತಪ್ಪು. ಹಗ್ಗಾ ಟೊಂಗಿ ಬುಡಕ್ಕ ಕಟ್ಟಬೇಕಾಗಿತ್ತು, ಅಂವ ತುದಿ ಕಡೆ ಕಟ್ಟಿದ. ಭಾರ ತಡೀಲಿಲ್ಲ, ಮುರೀತು. ತಲಿ ಯಾಕ ಅಳಗ್ಯಾಡಸತಿ? ತಂತಿ ಐತಿ, ತಲಿ ಅಳಗ್ಯಾಡಸಬಾರದು. ನಾ ಹೇಳೂದಲ್ಲ, ಅವನ ಒಪ್ಪಿಕೊಂಡಾನ. ಮರುದಿನಾ ಅಂಗಡಿಗೆ ಹೋಗಿ ನಾನ ಕೇಳಿದೆ, ಗಂಟು ಸರಿಯಾಗಿ ಹಾಕಿದ್ದೇನಪಾ ಅಂತ. ಹಾಕಿದ್ದೆರಿ ಅಕ್ಕಾರ ಅಂದ. ಮತ್ತ ಯಾಕ ಬಿದ್ಲು ಅಂದೆ. ವಯಸ್ಸಾತು ಉಸ್ಮಾನಸಾಬ, ಕೈ ನಡಗತಾವು, ಒಂದ ಹುಡುಗಿ ಬಾಯಿ ಹಾಳಾತು ಅಂದೆ. ಆವಾಗ ತನ್ನ ಎರಡೂ ಕೈ ಹಿಂಗ ಮುಂದ ಹಿಡಕೊಂಡು ನೋಡಕೊಂತ ನಿಂತ. ಆಗಿರಬಹುದುರಿ ಅಕ್ಕಾರ, ನನ್ನ ಕೈಯಿಂದನ ಆಗಿರಬಹುದು ಅಂದ. ಇದಕ್ಕಿಂತ ಹೆಚ್ಚಿಗಿ ಏನ ಬೇಕು? ಅವತ್ತಿಂದ ಅಂಗಡಿ ಬಾಗಲಾ ತಗದಿಲ್ಲ. ನಿಮ್ಮ ಗೇಟಿನತನಕಾ ಬಂದು ನಿಂತು ಹೋಗತಾನಂತ, ಮ್ಯಾಲ ಬರೂದಿಲ್ಲಂತ. ತಪ್ಪು ಮಾಡದಾಂವ ಹಂಗ ಯಾಕ ಮಾಡತಾನ?

ಅಳತೀಯೇನು? ಅಳು, ಅಳು. ಅತ್ರ ಹಗುರ ಆಗತೈತಿ. ಮೂಗು ಕಟ್ಟಿದ್ರ ಮಾತ್ರ ಉಸರಾಡಾಕ ಆಗೂದಿಲ್ಲ, ಬಾಯಿ ಬ್ಯಾರೆ ಮುಚ್ಚೈತಿ. ನೋಡಿಕೊಂಡು ಅಳು.

ಇವತ್ತ ಸಂಜಿಗೆ ಮೀಟಿಂಗ ಐತಿ. ಎಲ್ಲಾ ಮಾತಾಡಿ ಆಗೇತಿ, ಒಂದ ನಿನ್ನ ಹೂಂ ಬೇಕು. ಹಿಂದಿನ ಸಣ್ಣ ಗೇಟಿಗೆ ಇಟ್ಟಂಗಿ ಕಟ್ಟಿ ಮುಚ್ಚೂದು. ಆ ಓಣಿ ಮಂದಿ ಇನ್ನ ಪಾರ್ಕಿಗೆ ಬರೂದು ಬ್ಯಾಡ. ಉಸ್ಮಾನಸಾಬನ ಮ್ಯಾಲ ಪೊಲೀಸರಿಗೆ ಒಂದ ಮಾತು ಹೇಳೂದು, ಭಾಳ ಏನಿಲ್ಲ, ಮುಂದ ಯಾರೂ ಹಿಂಗ ಮಾಡಬಾರದು ಅಂತ ಅಷ್ಟ. ಮತ್ತ ಗಿಡಾ ಕಡಿಯೂದು. ಹಸಿ ಗಿಡಾ ಕಡಿಯಾಕ ಪರವಾನಗಿ ಸಿಗೂದಿಲ್ಲ, ಎಷ್ಟ ಸಲ ಕೇಳಿದ್ರೂ ಸಿಗೂದಿಲ್ಲ, ಒಣಗಿದ್ರ ಸಿಗತೈತಿ. ಈಗ ಸಿಕ್ಕೈತಿ. ಆ ಜಾಗಾದಾಗ ವ್ಯಾಯಾಮದ ಸಾಮಾನು ಕುಂಡ್ರಸೂದು, ಕಬ್ಬಿಣದ್ದು, ಗಟ್ಟಿ. ಅದಕ್ಕ ನಿನ್ನ ಹೆಸರ ಇಡೋಣು ಅಂತ ನಾನ ಹೇಳೇನಿ. ಬೋರ್ಡಿನ ಮ್ಯಾಲ ನೀಲಾ ಅಂತ ದೊಡ್ಡದಾಗಿ. ಹೆಂಗೈತಿ?

ಹೂಂ ಅನ್ನು. ಬಾಯಿಂದ ಬ್ಯಾಡ, ಕಣ್ಣ ಮುಚ್ಚಿ ತಗದ್ರ ಸಾಕು.

ಮುಚ್ಚವಾ. ಎಷ್ಟೊತ್ತ ಹಂಗ ಪಿಳಿ ಪಿಳಿ ಸೈತ ಮಾಡಲಾರದ ನೋಡತಿ?

ತಡಿ, ನಮ್ಮವರ ಫೋನ ಬಂತು. ಹಲೋ. ಹಾಂರಿ, ಇಲ್ಲೇ ಅದೇನಿ, ನೀಲಾನ ಬಾಜೂಕ. ಹೌದು, ಮಾತಾಡಿದೆ. ಹೂಂ ಅಂದ್ಲರಿ. ಕಣ್ಣಿಂದನ ಅಂದ್ಲು, ಪಾಪ, ಕಣ್ಣಾಗ ನೀರ ಬಂದು. ಗೇಟಿಂದೂ ಹೂಂ, ಸಾಬಂದೂ ಹೂಂ. ಎಲ್ಲಾರಿಗೂ ಹೇಳಿಬಿಡ್ರಿ, ಗೌಂಡಿಗೂ ಬರಾಕ ಹೇಳ್ರಿ. ಇಡತೇನಿ.

ಯಾಕ? ಕೈ ಬಿಡು ನೀಲಾ. ಮಣಿಕಟ್ಟು ನೋಯತೈತಿ. ಬಳಿ ಒಡೀತಾವು, ಬಿಡು. ಮಲಕೊಂಡಾಕಿಗೆ ಇಷ್ಟ ಶಕ್ತಿ ಎಲ್ಲಿಂದ ಬಂತು. ಹೇಳೂದನ್ನ ನಾ ಹೇಳೇನಿ, ನಾಳೆ ನೀ ಬಾಯಿ ಬಿಟ್ಟ ಮ್ಯಾಲ ಅದಕ್ಕ ಉಲ್ಟಾ ಹೇಳಿದ್ರ ಮಂದಿ ಏನ ತಿಳಕೋತಾರ? ಪೆಟ್ಟು ಬಿದ್ದು ತಲಿ ಹಿಂಗಾಗೈತಿ ಅಂತಾರ. ಸಾಲ್ಯಾಗ ಹುಡುಗರನ್ನ ನಿನ್ನ ಕೈಯಾಗ ಬಿಡಾಕ ವಿಚಾರ ಮಾಡತಾರ. ನಾ ಅಂಜಸಾಕತ್ತಿಲ್ಲ. ಮಂದಿ ಹೆಂಗಂಬೂದು ಹೇಳಾಕತ್ತೇನಿ.

ಸಾಕು, ಆ ಮಾತು ಮುಗೀತು. ಸಾರು ಕುಡಿ. ಎಲ್ಲೈತಿ ನಿನ್ನ ಲೋಟಾ, ಇದನ? ಸ್ಟ್ರಾ ಇಲ್ಲೇ ಐತಿ. ಹಾಕತೇನಿ ತಡಿ. ಇನ್ನೂ ಹಬಿ ಆಡಾಕತ್ತೈತಿ.

ಯಾಕ ಮಾರಿ ಆ ಕಡೆ ಹೊಳ್ಳಿಸಿದಿ? ಬಿಸಿ ಐತೇನು? ವಾಸನಿ ಬಂತ? ಇಂಗಿನ ವಾಸನಿ ಅದು. ಕಟ್ಟಿನ ಸಾರಿಗೆ ಇಂಗು ಇಲ್ಲದ ರುಚಿ ಎಲ್ಲಿಂದ ಬರತೈತಿ. ಒಳ್ಳೆ ಗಟ್ಟಿ ಇಂಗು, ನೀನ ತಂದು ಕೊಟ್ಟಿದ್ದಿ, ದುರ್ಗದಬೈಲಿನಿಂದ. ಹುಬ್ಬಳ್ಳಿಗೆ ಹೊಂಟಿದ್ದಿ, ಬರಬೇಕಾದ್ರ ಇಂಗು ತಾರವಾ, ಜರಾ ಹೆಚ್ಚಿಗಿನ ತಾ, ಉಪ್ಪಿನಕಾಯಿ ಹಾಕೂದೈತಿ ಅಂತ ನಾನ ಹೇಳಿದ್ದೆ. ಚೀಲಾ ಬಸ್ಸಿನ್ಯಾಗ ನಾತಾ ಹೊಡದು ಮಂದಿ ಎದ್ದು ಆ ಕಡೆ ಹೋಗಿ ಕುಂತ್ರು ಅಂತ ಹೇಳಿ ನಕ್ಕಿದ್ದಿ ನೀನು.

ಹಾಂ, ಮಾವಿನಕಾಯಿ ಉಪ್ಪಿನಕಾಯಿ.

ಹೋದ ದೀಪಾವಳಿ ಮುಂದ... ಹೌದು, ದೀಪಾವಳಿ ಮುಂದ ಮಾವಿನಕಾಯಿ ಎಲ್ಲಿ ಬರಬೇಕು. ಲಿಂಬಿಕಾಯಿ. ಲಿಂಬಿಕಾಯಿ ಉಪ್ಪಿನಕಾಯಿ. ಒಂದ ಮಾತು ಹೆಚ್ಚು ಕಮ್ಮಿ ಆತು ಅಂದ್ರ ಹಂಗ ನೋಡೂದೇನು? ನಾವಿಬ್ಬರ ಇರೂದು ಮನ್ಯಾಗ ಅಂದ್ರ ಏನಾತು, ಮಗಳಿಗೆ ಕಳಸಬೇಕಾಗಿತ್ತು, ಬೀಗರಿಗೆ ಕೊಡಬೇಕಾಗಿತ್ತು. ಅಷ್ಟ ಇಂಗು ಯಾರ ತಿಂತಾರ ಅಂತ ನೀ ಕೇಳಿಲ್ಲ. ಕೇಳಿಲ್ಲಲ್ಲ ನೀನು? ಮತ್ತ ನಾ ಯಾಕ ಹೇಳಾಕತ್ತೇನಿ.

ಲೋಟಾ ಹಿಡಿ. ಹಿಡಕೋ. ಕುಡಿ.

ನೀಲಾ, ಮೂಗು ಮುಚ್ಚಕೋಬ್ಯಾಡ, ನನಗ ಅವಮಾನ ಆಗತೈತಿ. ಮನಿಯಿಂದ ಮಾಡಿಕೊಂಡು ಬಂದಾಕಿ ಮುಂದ... ಏನದು, ಹಂಗ ಬೆರಳು ಯಾಕ ತಿರಗಸತಿ? ತೂತು? ಎಲ್ಲಿ ತೂತು? ಯಾವ ತೂತು ನನಗ ಗೊತ್ತಿಲ್ಲ. ಬೋರ್ಡ ಕಟ್ಟಾಕ ಮೊಳಿ ಹೊಡದದ್ದು ಇರಬೇಕು. ತಂತಿಲೆ ಕಟ್ಟಿದೆ ಅಂದೆನೇನು? ಮೊಳಿನೂ ಹೊಡದೆ, ತಂತಿನೂ ಕಟ್ಟಿದೆ. ಗಿಡದಾಗ ತೂತು ಇರತಾವು, ಮರಕುಟಿಗ ಹಕ್ಕಿ ಮಾಡತಾವು, ಹುಳಾ ಮಾಡತಾವು. ಇಂಗು ತುಂಬಿದ್ರ ಗಿಡಾ ಒಣಗತೈತಿ ಅಂತ ಮಂದಿ ಹೇಳತಾರ, ಹಳೇ ಕಾಲದಿಂದ ಹೇಳತಾರ, ಅದು ಖರೇ ಅಂತ ಯಾರ ನೋಡ್ಯಾರ? ನಾ ತುಂಬೇನಿ ಅಂತ ಯಾರ ಹೇಳಿದ್ರು ನಿನಗ?

ನೀ ಏನೂ ಹೇಳಿಲ್ಲ. ಹೌದು. ನೀ ಒಂದ ಮಾತೂ ಆಡಿಲ್ಲ.

ಬಿದ್ದಾಗ ನಿನ್ನ ಮಾರಿ ಆ ಟೊಂಗಿ ಹತ್ರನ ಇತ್ತು. ಹೌದಲ್ಲ. ಟೊಂಗಿ ಬುಡಾ ನಿನ್ನ ಮೂಗಿನ ಮುಂದ... ನಾ ಓಡಿ ಬಂದೆ, ನೀ ಕಣ್ಣ ಮುಚ್ಚಿದ್ದಿ ಅಂತ ತಿಳಕೊಂಡೆ. ತಗದಿದ್ದೇನು? ಶಾಲು ನಿನ್ನ ಮ್ಯಾಲ ಹಾಕಾಕನ ತಗದದ್ದು, ಅದು ಗಾಬರಿಗೆ ಟೊಂಗಿ ಮ್ಯಾಲ ಬಿತ್ತು. ಗಾಬರಿ ಆದಾಗ ಯಾರಿಗೆ ಎಲ್ಲಿ ಹಾಕಾಕತ್ತೇನಿ ಅಂತ ಗೊತ್ತಿರತೈತಿ? ಕಲಿ... ನಿನ್ನ ರಕ್ತದ ಕಲಿ ಅಲ್ಲ ಅದು, ಹೌದು, ಗಿಡದ ರಸದ್ದು. ಆ ತುಂಡು ಈಗ ಇಲ್ಲ. ಅವತ್ತ ಸಂಜಿಗೇನ ಸುಟ್ಟಾತು. ಹಾದ್ಯಾಗ ಬಿದ್ದಿತ್ತು, ಹುಡುಗರಿಗೆ ಚುಚ್ಚತೈತಿ ಅಂತ ಸುಟ್ಟೆ. ಅದಕ್ಕ ನೀ ಏನ ಹೇಳಿದ್ರೂ ತೋರಸಾಕ ಏನೂ ಇಲ್ಲ ನೋಡು.

ಹಂಗ ನೋಡಬ್ಯಾಡ. ಬೈದಬಿಡು ಒಮ್ಮೆ. ಪಾಟಿ ಬೇಕೇನು, ಪಾಟಿ ಕೊಡತೇನಿ ತಡಿ. ತಗೋ, ಬರಿ. ಬರಿ ಅಂದ್ರ ಯಾಕ ಬಾಜೂಕ ಇಡತಿ?

ನಾ ಒಂದ ಮಾತು ಹೇಳತೇನಿ. ಗಿಡಾ ಒಣಗೂದು ಅಂದ್ರ ಎಲಿ ಉದರೂದು, ಅಷ್ಟ. ಒಣ ಟೊಂಗಿ ಮ್ಯಾಲ ಯಾರರ ಜೀಕಿದ್ರ ಅದು ಕರಕರ ಅನ್ನತೈತಿ, ಎಲ್ಲಾರೂ ಕೇಳತಾರ, ಅಯ್ಯ ಗಿಡಾ ಸತ್ತೈತಿ, ಕಡೀರಿ ಅಂತಾರ. ಅಲ್ಲಿಗೆ ಮುಗೀತು. ಯಾರಿಗೂ ಏನೂ ಆಗೂದಿಲ್ಲ. ಸಪ್ಪಳ ಆದ್ರ ಸಾಕಿತ್ತು. ಅದಕ್ಕನ ನಾ ವಿಚಾರ ಮಾಡಿದೆ, ಜಾಡ ಇದ್ದವರು ಬ್ಯಾಡ, ನೀ ಹಗುರ ಇದ್ದಿ ಅಂತ...

ಅಂದ್ರ, ಹಗುರ ಇದ್ದಿ ಅಂದ್ರ, ಛಂದ ಜೀಕತಿ ಅಂತ.

ಬೆರಳು ಯಾಕ ತೋರಸತಿ ನನ್ನ ಕಡೆ? ನಾ ಯಾಕ ಹತ್ತಲಿಲ್ಲ ಅಂತ? ಅವತ್ತ ಎಲ್ಲಾರ ಮುಂದ ಹೇಳಿದ್ದೆನಲ್ಲ, ಮೊಣಕಾಲು ಹಿಡದಾವು, ಹಲಿಗಿ ಮ್ಯಾಲ ನಿಂದರಾಕ ಆಗೂದಿಲ್ಲ ಅಂತ. ಮೆಟ್ಟಲ ನೋಡತೀಯೇನು? ಮೆಟ್ಟಲ ಹತ್ತೂದು ಬ್ಯಾರೆ, ಏಣಿ ಹತ್ತೂದು ಬ್ಯಾರೆ, ಜೋಕಾಲಿ ಬ್ಯಾರೆ. ಹಬ್ಬದ ಹೊತ್ತಿನ್ಯಾಗ ಹಿಡದಿದ್ದು, ಈಗ ಬಿಟ್ಟಾವು. ನಿನ್ನ ಮ್ಯಾಲಿನ ಅಂತಃಕರಣಕ್ಕ ಹತ್ತಸಿದೆ ನಾನು. ನಿಮ್ಮವ್ವ ಅತ್ತಿದ್ದು ಸುಳ್ಳೇನು? ಚಪ್ಪಾಳಿ ಸುಳ್ಳೇನು?

ಮೆಟ್ಟಲ ಮ್ಯಾಲ ಯಾರೋ ಬರಾಕತ್ತಾರ. ನಿಮ್ಮವ್ವ ಇರಬೇಕು. ಇಷ್ಟ ಲಗೂ ಸಂತಿ ಆತೇನು? ಯಾರ ಜೋಡಿ ಮಾತಾಡಕೊಂತ ಬರಾಕತ್ತಾಳ, ಗಂಡಸರ ದನಿ ಅದು... ಉಸ್ಮಾನಸಾಬಂದ ದನಿ ಅಲ್ಲ? ಆಕಿನ ಅವನ ಕೈ ಹಿಡದು ಮ್ಯಾಲ ಕರಕೊಂಡು ಬರಾಕತ್ತಾಳೇನು? ನೀಲಾ, ಅವರ ಮುಂದ ನಾವು ಏನೂ ಮಾತಾಡೂದು ಬ್ಯಾಡ. ನೀ ಸಾರು ಕುಡಿ. ನೀ ಕುಡದ್ರ ಎಲ್ಲಾ ಸರಿ ಇದ್ದಂಗ ಕಾಣತೈತಿ. ಲಗೂ.

ಏನು, ನನಗ?

ನನಗ ಯಾಕ ಲೋಟಾ ಹಿಡೀತಿ? ನಿನಗಂತ ತಂದದ್ದು, ನೀ ಕುಡಿ. ನಾ ಮೊದಲ? ಮೊದಲ ನೀವು ಅಂತಿಯೇನು? ಅದು ನಿಮ್ಮ ಮನಿ ಲೋಟಾ... ಅಂದ್ರ, ಸಾರಿನ್ಯಾಗ ಏನೂ ಇಲ್ಲ, ಬರೇ ಬ್ಯಾಳಿ ಕಟ್ಟು, ನನ್ನ ಕೈಯಾರೆ ಮಾಡೇನಿ. ಹಂಗ ತುಟಿತನಕಾ ತರಬ್ಯಾಡ. ಕೈ ಇಳಸು ನೀಲಾ. ಅವರು ಬಾಗಲದಾಗ ನಿಂತಾರ, ನೋಡಾಕತ್ತಾರ, ಕೈ ಇಳಸವಾ. ನಿನ್ನ ಕೈ ಒಂಚೂರೂ ನಡಗವಲ್ತು.

ಬ್ಯಾಡ. ನಾ ಒಲ್ಲೆ. ನನ್ನ ಕಡಿಂದ ಆಗೂದಿಲ್ಲ ನೀಲಾ, ಖರೇನ ಹೇಳತೇನಿ, ನನಗ... ನನಗ ಮೊಣಕಾಲು ಹಿಡದಾವು.